ಶಿರಾದ ನೀಲಿ ಫಲಕ ಹೇಳದ ಮಾತು

(ವಿದ್ಯಾರ್ಥಿಗಳು ಹಾಗೂ ಪೋಷಕರಿಗಾಗಿ ಏರ್ಪಡಿಸಲಾಗಿದ್ದ ಇತಿಹಾಸ ಕಾರ್ಯಾಗಾರದಲ್ಲಿ ನೀಡಿದ ಭಾಷಣದ ಬರಹ ರೂಪ)



ಬೆಂಗಳೂರಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರನ್ನು ದಾಟಿ ಸುಮಾರು ಐವತ್ತು ಕಿಲೋಮೀಟರ್ ಕ್ರಮಿಸಿದರೆ ಶಿರಾ ಸಿಗುತ್ತದೆ. ಇಲ್ಲಿ ಕುಳಿತಿರುವ ಬಹುತೇಕರು ಆ ಊರನ್ನು ಎಷ್ಟೋ ಸಲ ದಾಟಿದ್ದೀರಿ. ಹುಬ್ಬಳ್ಳಿಗೆ ಮದುವೆಗೆಂದು, ದಾವಣಗೆರೆಗೆ ಬಟ್ಟೆ ಕೊಳ್ಳಲೆಂದು, ಬೆಂಗಳೂರಿಗೆ ಆಸ್ಪತ್ರೆಗೆಂದು. ಬಸ್ಸು ನಿಂತರೆ ಇಳಿದು ಚಹಾ ಕುಡಿದಿದ್ದೀರಿ, ಮಕ್ಕಳಿಗೆ ಕಡಲೆಕಾಯಿ ಕೊಡಿಸಿದ್ದೀರಿ. ಊರೊಳಗೆ ಎರಡು ಹಳೆಯ ಕಲ್ಲುಕಟ್ಟಡಗಳಿವೆ. ಒಂದು 1651ರ ಮಲಿಕ್ ರಿಹಾನ್ ಸಮಾಧಿ. ಇನ್ನೊಂದು 1696ರ ಜಾಮಿಯಾ ಮಸೀದಿ. ಪಕ್ಕದಲ್ಲೇ ಕಂದಕವಿದ್ದ ಒಂದು ಕೋಟೆಯ ಅವಶೇಷ. ಇವುಗಳನ್ನು ನೋಡಲೆಂದೇ ಶಿರಾದಲ್ಲಿ ಇಳಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಕೈ ಎತ್ತಿಸುವ ಇರಾದೆ ನನಗಿಲ್ಲ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು.

ಸಮಾಧಿ ಮತ್ತು ಮಸೀದಿ ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಇಂತಹ ಸ್ಮಾರಕಗಳ ಬಳಿ ನೆಟ್ಟಿರುವ ನೀಲಿ ಬಣ್ಣದ ಫಲಕವನ್ನು ನೀವು ದೇಶದಾದ್ಯಂತ ಕಂಡಿರುತ್ತೀರಿ. ಅದರಲ್ಲಿ ಏನಿರುತ್ತದೆ? 1958ರ ಕಾಯ್ದೆಯ ಪ್ರಕಾರ ಇದು ರಾಷ್ಟ್ರೀಯ ಮಹತ್ವದ ಸ್ಮಾರಕ. ಇದನ್ನು ಹಾಳುಗೆಡವಿದವರು, ವಿರೂಪಗೊಳಿಸಿದವರು ಶಿಕ್ಷೆಗೆ ಗುರಿಯಾಗುತ್ತಾರೆ ಎಂದಿರುತ್ತದೆ. 2010ರ ತಿದ್ದುಪಡಿಯ ನಂತರ ಆ ಶಿಕ್ಷೆ ಎರಡು ವರ್ಷಗಳ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ. ಕಾನೂನಿನ ಈ ಎಚ್ಚರಿಕೆ ಅಗತ್ಯವೇ. ಆದರೆ ಒಳಗೆ ಮಲಗಿರುವ ಮನುಷ್ಯ ಯಾರು, ಈ ಮಸೀದಿಯನ್ನು ಕಟ್ಟಿದಾಗ ಈ ಊರು ಏನಾಗಿತ್ತು ಎಂಬುದನ್ನು ಆ ಎಚ್ಚರಿಕೆಯ ಸಾಲುಗಳು ಹೇಳುವುದಿಲ್ಲ. ನಮ್ಮ ಚರಿತ್ರೆ ನಮ್ಮೊಡನೆ ಪೊಲೀಸರ ದನಿಯಲ್ಲಿ ಮಾತಾಡುತ್ತದೆ. ಮೇಷ್ಟ್ರ ದನಿಯಲ್ಲಿ ಮಾತಾಡುವವರು ಯಾರೂ ಇಲ್ಲ.

ಆ ಮೇಷ್ಟ್ರ ಕೆಲಸವನ್ನು ಇಂದು ಸ್ವಲ್ಪ ಹೊತ್ತು ನಾನು ಮಾಡುತ್ತೇನೆ.

ಶಿರಾ ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಅದೊಂದು ರಾಜ್ಯದಷ್ಟು ದೊಡ್ಡ ಪ್ರಾಂತದ ರಾಜಧಾನಿಯಾಗಿತ್ತು. ತುಂಗಭದ್ರೆಯ ದಕ್ಷಿಣಕ್ಕೆ ಮೊಗಲರು ಸ್ಥಾಪಿಸಿದ ಆ ಪ್ರಾಂತವೇ ಶಿರಾ ಸುಬಾ. 1687ರಿಂದ 1757ರವರೆಗೆ, ಅಂದರೆ ಎಪ್ಪತ್ತು ವರ್ಷಗಳ ಕಾಲ ಅದು ಬಾಳಿತು. ನಮ್ಮ ರಾಜ್ಯದ ಶಾಲಾಮಕ್ಕಳನ್ನು ಕೇಳಿ ನೋಡಿ, ಮೊಗಲರೆಂದರೆ ದಿಲ್ಲಿ, ಆಗ್ರಾ ಎನ್ನುತ್ತಾರೆ. ಮೊಗಲರ ಒಂದು ಪ್ರಾಂತದ ರಾಜಧಾನಿ ತಮ್ಮ ಪಕ್ಕದ ಜಿಲ್ಲೆಯಲ್ಲಿತ್ತು ಎಂದರೆ ನಂಬುವುದಿಲ್ಲ. ಮಕ್ಕಳ ಮಾತು ಹಾಗಿರಲಿ, ಪೋಷಕರೂ ನಂಬುವುದಿಲ್ಲ.

ಊರಿಗೆ ಅಡಿಪಾಯ ಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ. ಸ್ಥಳೀಯರು ಅವನನ್ನು ಕಸ್ತೂರಿ ರಂಗಪ್ಪ ನಾಯಕನೆಂದು ನೆನೆಯುತ್ತಾರೆ. ಕೋಟೆ ಪೂರ್ಣಗೊಳ್ಳುವ ಮೊದಲೇ, 1638ರ ಹೊತ್ತಿಗೆ, ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡಯಾತ್ರೆಯಲ್ಲಿ ಶಿರಾ ಆದಿಲ್‌ಶಾಹಿಗಳ ವಶವಾಯಿತು. ಅದೇ ದಂಡಯಾತ್ರೆಯಲ್ಲಿ ಶಿವಾಜಿಯ ತಂದೆ ಶಹಾಜಿಯೂ ಇದ್ದ. ಬೆಂಗಳೂರು ಅವನಿಗೆ ಜಹಗೀರಾಗಿ ದೊರೆಯಿತು. ಬಿಜಾಪುರದ ಪರವಾಗಿ ಶಿರಾವನ್ನು ಆಳಿದ ಅಧಿಕಾರಿಯೇ ಮಲಿಕ್ ರಿಹಾನ್. ಆತನ ಸಮಾಧಿಯನ್ನು ಜನರೂ ಇಲಾಖೆಯ ಪಟ್ಟಿಯೂ ‘ದರ್ಗಾ’ ಎಂದೇ ಕರೆಯುತ್ತವೆ. ಆ ಪದವೇ ಒಂದು ಗೊಂದಲವನ್ನು ಹುಟ್ಟಿಸಿದೆ. ದರ್ಗಾ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಹರಕೆ ನೆನಪಾಗುತ್ತದೆ, ಇನ್ನು ಕೆಲವರಿಗೆ ಹರಕೆಯ ಬಗೆಗಿನ ವಾಗ್ವಾದ ನೆನಪಾಗುತ್ತದೆ. ಹರಕೆ ಹೊರುವವರೂ ಅದನ್ನು ವಿರೋಧಿಸುವವರೂ ಒಳಗೆ ಮಲಗಿರುವುದು ಒಬ್ಬ ಆಡಳಿತಗಾರ, ಸುಮಾರು ಹನ್ನೆರಡು ವರ್ಷ ಈ ಸೀಮೆಯ ಲೆಕ್ಕಪತ್ರ ನೋಡಿದವನು ಎಂಬುದನ್ನು ವಿಚಾರಿಸಲು ಹೋಗಿಲ್ಲ.

1686ರಲ್ಲಿ ಬಿಜಾಪುರವು ಔರಂಗಜೇಬನಿಗೆ ಶರಣಾಯಿತು. ಮರುವರ್ಷ ಮೊಗಲ್ ಸೇನಾನಿ ಕಾಸಿಂ ಖಾನ್ ದಕ್ಷಿಣಕ್ಕೆ ಬಂದು ಬೆಂಗಳೂರನ್ನು ಹಿಡಿದ. ಹಿಡಿದು ಏನು ಮಾಡಿದ? ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಅದನ್ನು ಬಿಟ್ಟುಕೊಟ್ಟ ಎಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಶಹಾಜಿಯ ಮಗ ಏಕೋಜಿ ಅದೇ ಬೆಂಗಳೂರನ್ನು ಅದೇ ಮೈಸೂರಿಗೆ ಮಾರಲು ಮಾತುಕತೆ ನಡೆಸುತ್ತಿದ್ದ. ಕಾಸಿಂ ಖಾನ್ ನಡುವೆ ಬಂದು ವ್ಯಾಪಾರ ಮುಗಿಸಿದ. ಒಬ್ಬ ಮರಾಠ ಮಾರಾಟಕ್ಕಿಟ್ಟ ಊರನ್ನು ಒಬ್ಬ ಮೊಗಲ ಸರದಾರ ಗೆದ್ದು ಒಬ್ಬ ಒಡೆಯರಿಗೆ ಕೊಟ್ಟ ಈ ಘಟನೆಯನ್ನು ಹಿಂದೂ-ಮುಸ್ಲಿಮ್ ಕದನದ ಚೌಕಟ್ಟಿನಲ್ಲಿ ಕೂರಿಸಲು ಯಾರಿಗಾದರೂ ಸಾಧ್ಯವಾದರೆ ಪ್ರಯತ್ನಿಸಲಿ.

ಕಾಸಿಂ ಖಾನನೇ ಹೊಸ ಪ್ರಾಂತದ ಮೊದಲ ಫೌಜುದಾರನಾದ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ನೇರ ಆಡಳಿತಕ್ಕೆ ಒಳಪಟ್ಟಿದ್ದವು. ಹರಪನಹಳ್ಳಿ, ಕುಂದುರ್ಪಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ ಮತ್ತು ಮೈಸೂರು ಕಪ್ಪ ಸಲ್ಲಿಸಬೇಕಾದ ಸಂಸ್ಥಾನಗಳೆಂದು ಲೆಕ್ಕದಲ್ಲಿದ್ದವು. ಲೆಕ್ಕದಲ್ಲಿದ್ದವು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಕಪ್ಪ ಬಂದ ವರ್ಷಗಳಿಗಿಂತ ಅದಕ್ಕಾಗಿ ದಂಡು ಕಟ್ಟಿಕೊಂಡು ಹೊರಟ ವರ್ಷಗಳೇ ಹೆಚ್ಚು. ಕಾಸಿಂ ಖಾನನ ಅಂತ್ಯವೂ ಸುಖಕರವಾಗಿರಲಿಲ್ಲ. 1695ರ ಕೊನೆಯಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆ ಆತನನ್ನು ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮುತ್ತಿದ. ಆ ಮುತ್ತಿಗೆಯಲ್ಲೇ ಕಾಸಿಂ ಖಾನ್ ಸತ್ತ. ಅದರ ಬೆನ್ನಿಗೇ, 1696ರಲ್ಲಿ ಶಿರಾದ ಜಾಮಿಯಾ ಮಸೀದಿ ಎದ್ದಿತು. ಫೌಜುದಾರನನ್ನು ಕಳೆದುಕೊಂಡ ಪ್ರಾಂತವು ಕಲ್ಲಿನಲ್ಲಿ ಮಸೀದಿ ಕಟ್ಟಿತೆಂದರೆ ಇಲ್ಲೇ ಬೇರೂರುವ ಇರಾದೆ ಅದಕ್ಕಿತ್ತೆಂದು ನನಗನಿಸುತ್ತದೆ.

ಶಿರಾ ಉನ್ನತಿಗೇರಿದ್ದು ದಿಲಾವರ್ ಖಾನನ ಕಾಲದಲ್ಲಿ. ಗ್ಯಾಸೆಟಿಯರು ಅವನ ಆಳ್ವಿಕೆಯನ್ನು 1726ರಿಂದ 1756ರವರೆಗೆಂದು ಗುರುತಿಸುತ್ತದೆ. ಆಗ ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಹೇಳಿಕೆಯನ್ನೂ ಅದೇ ಗ್ರಂಥ ಕೊಡುತ್ತದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. 2011ರ ಜನಗಣತಿಯಲ್ಲಿ ಶಿರಾ ಪಟ್ಟಣದ ಇಡೀ ಜನಸಂಖ್ಯೆ ಅರವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಐವತ್ತು ಸಾವಿರ ಮನೆಗಳೆಂದರೆ ಎರಡು ಲಕ್ಷಕ್ಕೂ ಮಿಕ್ಕಿದ ಜನ. ಕಳೆದುಹೋದ ವೈಭವವನ್ನು ನೆನೆಯುವವರ ಬಾಯಲ್ಲಿ ಸಂಖ್ಯೆಗಳು ಬೆಳೆಯುತ್ತವೆ. ಆದರೂ ಊರು ದೊಡ್ಡದಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಚೀಟಿ ಬಟ್ಟೆಯ ಅಚ್ಚುಗಾರರು, ಕಂಬಳಿ ನೇಯುವ ಕುರುಬರು, ಅರಗು ತಯಾರಿಸುವವರು ಇಲ್ಲಿದ್ದರು. ದಿಲಾವರ್ ಖಾನನ ಅರಮನೆ ಎಷ್ಟು ಸೊಗಸಾಗಿತ್ತೆಂದರೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ದಾಖಲಾಗಿದೆ. ಬಾಳಿಕೆ ಬಾರದ ಸಾಮಗ್ರಿಯಿಂದ ಕಟ್ಟಿದ್ದರಿಂದ ಅದು ಉಳಿಯಲಿಲ್ಲ. ಊರಿನಲ್ಲಿ ಖಾನ್ ಬಾಗ್ ಎಂಬ ಉದ್ಯಾನವಿತ್ತು. ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಹೈದರ್ ಅಲಿಗೆ ಅಲ್ಲಿಂದಲೇ ಹೊಳೆದಿರಬಹುದು ಎಂಬುದು ಗ್ಯಾಸೆಟಿಯರಿನ ಊಹೆ. ಇದು ಊಹೆಯಷ್ಟೇ. ಆದರೂ ಮುಂದಿನ ಬಾರಿ ಮಕ್ಕಳನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದೊಯ್ಯುವಾಗ ಒಮ್ಮೆ ಶಿರಾದ ಹೆಸರನ್ನು ಹೇಳಿ.

ಈಗ ನಮ್ಮೆಲ್ಲರಿಗೂ ಪರಿಚಿತವಾದ ಮನೆತನದ ಮಾತಿಗೆ ಬರುತ್ತೇನೆ. ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ದುಡಿದದ್ದು ಮೈಸೂರಿನ ಅರಸರಲ್ಲಿ ಎಂದು ಅನೇಕರು ಭಾವಿಸಿದ್ದಾರೆ. ಅವನಿಗೆ ಹೆಸರು ತಂದದ್ದು ಶಿರಾ ಸುಬೇದಾರರ ಸೇವೆ. ಅವರ ಅಧೀನದಲ್ಲಿ ಕೋಲಾರದ ಫೌಜುದಾರನಾಗಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದ. ಆ ಬೂದಿಕೋಟೆಯಲ್ಲೇ ಹೈದರ್ ಹುಟ್ಟಿದ. ಸುಬೇದಾರಿಗಾಗಿ ನಡೆದ ಒಳಜಗಳದ ಕಾಳಗದಲ್ಲಿ ಫತೇ ಮುಹಮ್ಮದ್ ಮಡಿದ. ಹಳೆಯ ಸುಬೇದಾರ ದರ್ಗಾ ಕುಲಿ ಖಾನನ ಮಗ ಅಬ್ಬಾಸ್ ಕುಲಿ ಖಾನ್ ಆಗ ದೊಡ್ಡಬಳ್ಳಾಪುರದಲ್ಲಿದ್ದ. ಸತ್ತವನು ಸರಕಾರಕ್ಕೆ ಬಾಕಿದಾರನೆಂದು ಹೇಳಿ ಆ ಕುಟುಂಬದ ಆಸ್ತಿಯನ್ನೆಲ್ಲ ಕಿತ್ತುಕೊಂಡ. ಅಷ್ಟಕ್ಕೂ ತೃಪ್ತನಾಗದೆ ತಂದೆಯಿಲ್ಲದ ಇಬ್ಬರು ಹುಡುಗರನ್ನು, ಶಹಬಾಝ್ ಮತ್ತು ಹೈದರನನ್ನು, ನಗಾರಿಯೊಳಗೆ ಕೂರಿಸಿ ಮೇಲಿನ ಚರ್ಮವನ್ನು ಬಿಗಿಗೊಳಿಸಿ ಹಿಂಸಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಹಣ ಕೊಟ್ಟು ಬಿಡುಗಡೆ ಪಡೆದ ಆ ಕುಟುಂಬ ಕೊನೆಗೆ ಮೈಸೂರಿನ ಸೇವೆಯತ್ತ ಹೊರಳಿತು. ಒಬ್ಬ ಮುಸ್ಲಿಮ್ ಅಧಿಕಾರಿಯ ಅನಾಥ ಮಕ್ಕಳನ್ನು ಇನ್ನೊಬ್ಬ ಮುಸ್ಲಿಮ್ ಅಧಿಕಾರಿ ಹಿಂಡಿದ. ಅವರಿಗೆ ಆಶ್ರಯ ದೊರೆತದ್ದು ಹಿಂದೂ ಅರಸೊತ್ತಿಗೆಯಲ್ಲಿ. ಆ ಹುಡುಗ ಬೆಳೆದು ಅದೇ ಅರಸೊತ್ತಿಗೆಯನ್ನು ತನ್ನ ಮುಷ್ಟಿಗೆ ತೆಗೆದುಕೊಂಡ ಎಂಬುದನ್ನೂ ಸೇರಿಸಿ ಹೇಳಬೇಕು. ನಮಗೆ ಹಿತವಾದಲ್ಲಿಗೆ ಕಥೆಯನ್ನು ನಿಲ್ಲಿಸುವಂತಿಲ್ಲ.

1757ರಲ್ಲಿ ಮರಾಠರು ಶಿರಾವನ್ನು ವಶಪಡಿಸಿಕೊಂಡರು. ಅಲ್ಲಿಂದ ಮುಂದೆ ಅದು ಕೈಯಿಂದ ಕೈಗೆ ಹಾರುವ ಊರಾಯಿತು. 1761ರಲ್ಲಿ ನಡೆದ ಒಂದು ಪ್ರಸಂಗ ಮಾತ್ರ ನಿಧಾನವಾಗಿ ಕೇಳುವಂಥದ್ದು. ನಿಜಾಮರ ಮನೆತನದ ಬಸಾಲತ್ ಜಂಗ್ ದಕ್ಷಿಣದಲ್ಲಿ ತನ್ನದೊಂದು ನೆಲೆ ಕಟ್ಟಿಕೊಳ್ಳಲು ಬಂದಿದ್ದ. ಹೈದರ್ ಆತನಿಗೆ ಮೂರು ಲಕ್ಷ ರೂಪಾಯಿ ನಝರಾನೆ ಕೊಟ್ಟು ‘ಶಿರಾದ ನವಾಬ’ ಎಂಬ ಸನದನ್ನು ಪಡೆದ. ಆ ಹೊತ್ತಿಗೆ ಶಿರಾ ಕೊಟ್ಟವನ ಕೈಯಲ್ಲೂ ಇರಲಿಲ್ಲ, ಪಡೆದವನ ಕೈಯಲ್ಲೂ ಇರಲಿಲ್ಲ! ಕೊಡುವ ಅಧಿಕಾರ ಬಸಾಲತ್ ಜಂಗನಿಗಿತ್ತೇ ಎಂಬುದೂ ಸಂದೇಹವೇ. ಆದರೆ ಹೈದರನಿಗೆ ಆ ಕಾಗದದ ಬೆಲೆ ತಿಳಿದಿತ್ತು. ಮೈಸೂರಿನಲ್ಲಿ ಸಿಂಹಾಸನ ಒಡೆಯರದ್ದೇ ಆಗಿತ್ತು. ತನ್ನದೆಂದು ಹೇಳಿಕೊಳ್ಳಲು ಹೈದರನಿಗೊಂದು ಪದವಿ ಬೇಕಿತ್ತು. ತನ್ನ ತಂದೆ ನೌಕರನಾಗಿದ್ದ ಸುಬಾದ ಒಡೆತನವನ್ನೇ ಮಗ ಆರಿಸಿಕೊಂಡ. ನಂತರ ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾಗಳನ್ನು ಗೆದ್ದು ಕಾಗದವನ್ನು ನಿಜ ಮಾಡಿದ. ದೊಡ್ಡಬಳ್ಳಾಪುರಕ್ಕೆ ಹೈದರ್ ಬರುತ್ತಿದ್ದಾನೆಂದು ತಿಳಿದ ಅಬ್ಬಾಸ್ ಕುಲಿ ಖಾನ್ ತನ್ನ ಕುಟುಂಬವನ್ನೂ ಬಿಟ್ಟು ಮದರಾಸಿಗೆ ಓಡಿಹೋದ. ಎಂಟು ವರ್ಷಗಳ ನಂತರ, 1769ರಲ್ಲಿ ಹೈದರನ ಸೇನೆ ಮದರಾಸಿನ ಬಾಗಿಲಿಗೇ ಬಂದಾಗ ಅವನು ಹಡಗೇರಿ ಸಮುದ್ರದಲ್ಲಿ ಕುಳಿತಿದ್ದನಂತೆ.

1766-67ರಲ್ಲಿ ಪೇಶ್ವೆ ಮಾಧವರಾವ್ ದಂಡೆತ್ತಿ ಬಂದಾಗ ಶಿರಾವನ್ನು ಮರಾಠರಿಗೆ ಒಪ್ಪಿಸಿದವನು ಹೈದರನ ಭಾವಮೈದುನ ಮೀರ್ ಅಲಿ ರಝಾ ಖಾನ್. 1774ರಲ್ಲಿ ಅದನ್ನು ಮರಳಿ ಗೆದ್ದವನು ಟಿಪ್ಪು.

ಇನ್ನು ಕೆಲವರಿಗೆ ಕಹಿಯಾಗಬಹುದಾದ ಮಾತು. ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಮ್ ಎಂಬ ಪೇಟೆಯಿದೆ. ದರಿಯಾ ದೌಲತ್ ನೋಡಿ ಗುಂಬಝ್ ಕಡೆಗೆ ಹೋಗುವವರು ಅದನ್ನು ಹಾದುಹೋಗುತ್ತಾರೆ. ಶಹರ್ ಗಂಜಾಮ್ ಎಂಬ ಆ ಹೊಸ ಪೇಟೆಗೆ ಜನವನ್ನು ತುಂಬಲು ಟಿಪ್ಪು ಸುಲ್ತಾನ್ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸ್ಥಳಾಂತರಿಸಿದರೆಂದು ಗ್ಯಾಸೆಟಿಯರು ಹೇಳುತ್ತದೆ. ಇಲ್ಲೂ ಸಂಖ್ಯೆಯ ಬಗ್ಗೆ ಎಚ್ಚರವಿರಲಿ. ಗ್ಯಾಸೆಟಿಯರನ್ನು ಬರೆಸಿದವರು ಟಿಪ್ಪುವಿನ ಶತ್ರುಗಳ ವಾರಸುದಾರರು ಎಂಬುದೂ ನೆನಪಿರಲಿ. ಆದರೆ ದಿಲಾವರ್ ಖಾನನ ಅರಮನೆಯನ್ನು ಹೊಗಳುವಾಗ ಅದೇ ಗ್ರಂಥವನ್ನು ಉಲ್ಲೇಖಿಸಿ, ಈ ಪುಟ ಬಂದಾಗ ಮಾತ್ರ ಅದು ಪರಂಗಿಯವರ ಕಟ್ಟುಕಥೆ ಎನ್ನುವುದು ನ್ಯಾಯವಲ್ಲ. ರಾಜಧಾನಿಯ ವ್ಯಾಪಾರ ಬೆಳೆಯಬೇಕೆಂದು ನೇಕಾರರನ್ನು, ಕುಶಲಕರ್ಮಿಗಳನ್ನು ಕಿತ್ತು ಬೇರೆಡೆ ನೆಡುವುದು ಆ ಕಾಲದ ಅನೇಕ ದೊರೆಗಳ ರೂಢಿಯಾಗಿತ್ತು. ರೂಢಿಯಾಗಿತ್ತು ಎಂದ ಮಾತ್ರಕ್ಕೆ ಗಾಡಿಯಲ್ಲಿ ಪಾತ್ರೆಪಗಡ ಕಟ್ಟಿಕೊಂಡು, ಮಕ್ಕಳನ್ನು ಕೂರಿಸಿಕೊಂಡು ಊರು ಬಿಟ್ಟ ಹೆಂಗಸಿನ ಕಣ್ಣೀರು ಹಗುರವಾಗುವುದಿಲ್ಲ. ಆ ಕುಟುಂಬಗಳಲ್ಲಿ ಮುಸ್ಲಿಮರೂ ಇದ್ದಿರಬೇಕು, ಹಿಂದೂಗಳೂ ಇದ್ದಿರಬೇಕು. ಶಿರಾ ಅಲ್ಲಿಂದ ಮುಂದೆ ಹಳೆಯ ಶಿರಾ ಆಗಲಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಇತಿಹಾಸದ ಹೆಸರಿನಲ್ಲಿ ನಡೆದದ್ದನ್ನು ನೆನೆಯಿರಿ. 2015ರಲ್ಲಿ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. 2022ರಲ್ಲಿ ಬೆಂಗಳೂರು-ಮೈಸೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ರೈಲು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಂದು ಹೆಸರನ್ನು ಏರಿಸುವುದು, ಇಳಿಸುವುದು. ಅದಕ್ಕಾಗಿ ಒಂದು ಪಕ್ಷ ಬೀದಿಗೆ ಬರುವುದು, ಅದನ್ನು ವಿರೋಧಿಸಿ ಇನ್ನೊಂದು ಪಕ್ಷ ಬೀದಿಗೆ ಬರುವುದು. ಈ ಗದ್ದಲದಲ್ಲಿ ಓದುವ ಕೆಲಸ ಹಿಂದೆ ಬಿತ್ತು. ಟಿಪ್ಪುವಿನ ಚಿತ್ರವಿರುವ ಬ್ಯಾನರಿಗೆ ಹಣ ಕೂಡಿಸಿದ ನಮ್ಮ ಯುವಕರಲ್ಲಿ ಎಷ್ಟು ಮಂದಿಗೆ ಅವರ ಅಜ್ಜನ ಹೆಸರು ಗೊತ್ತಿದೆ? ಕೋಲಾರದ ಮಕ್ಬರಾದಲ್ಲಿ ಹೈದರನ ಮನೆತನದವರ ಗೋರಿಗಳಿವೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಕಲ್ಲು ನೆಡುವ ವಿಷಯದಲ್ಲಿ ಇಂಗ್ಲಿಷರು ಜಾಣರಾಗಿದ್ದರು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನೆ ಇಲ್ಲಿ ಗೋಡೆ ಒಡೆದು ನುಗ್ಗಿತು ಎಂದು ಅದು ಸಾರುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ದೇಹ ದೊರೆತ ಜಾಗಕ್ಕೂ ಕಲ್ಲು ನೆಡಲಾಗಿದೆ. ಗೆದ್ದವರು ತಾವು ಗೆದ್ದ ಜಾಗವನ್ನೂ ಸೋತವರು ಬಿದ್ದ ಜಾಗವನ್ನೂ ಅಳೆದು ಗುರುತಿಟ್ಟರು. ಹಾಗಾಗಿ ಈ ನಾಡಿನಲ್ಲಿ ಮುಸ್ಲಿಮರ ಆಳ್ವಿಕೆಯ ಬಗ್ಗೆ ರಸ್ತೆಬದಿಯ ಕಲ್ಲುಗಳನ್ನಷ್ಟೇ ಓದಿದ ಪ್ರವಾಸಿಗೆ ಸಾವು ಮತ್ತು ಸೋಲು ಮಾತ್ರ ತಿಳಿಯುತ್ತದೆ. ಎಪ್ಪತ್ತು ವರ್ಷ ಕಂದಾಯ ಎತ್ತಿದ, ತೋಟ ಬೆಳೆಸಿದ, ತಪ್ಪು ಮಾಡಿದ, ಜಗಳವಾಡಿದ ಒಂದು ಸಾಧಾರಣ ಆಡಳಿತ ಅಂತಹ ಕಲ್ಲುಗಳಲ್ಲಿ ಕಾಣಸಿಗುವುದಿಲ್ಲ.

ಆದರೆ ಅದು ನಮ್ಮ ಮಾತಿನಲ್ಲಿದೆ. ತಾಲ್ಲೂಕು, ಜಿಲ್ಲೆ, ಅರ್ಜಿ, ತಕರಾರು, ದಾಖಲೆ, ವಸೂಲಿ, ಜಾಮೀನು, ಮಂಜೂರು, ಜಮಾಬಂದಿ, ಶಿರಸ್ತೇದಾರ. ಯಾವ ಹಳ್ಳಿಯ ರೈತನೂ ಈ ಪದಗಳಿಲ್ಲದೆ ಒಂದು ದಿನ ಸರಕಾರದೊಡನೆ ವ್ಯವಹರಿಸಲಾರ. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿಯನ್ನು ಅಮಲ್ದಾರನೆಂದೇ ಕರೆಯುತ್ತಿದ್ದರು. ಇವೆಲ್ಲ ಶಿರಾವೊಂದರಿಂದಲೇ ಬಂದವೆಂದು ನಾನು ಹೇಳುತ್ತಿಲ್ಲ. ಬಿಜಾಪುರ, ಮೊಗಲರು, ಹೈದರ್-ಟಿಪ್ಪು, ಅವರ ನಂತರ ಅದೇ ಪದಗಳನ್ನು ಉಳಿಸಿಕೊಂಡ ಬ್ರಿಟಿಷರು, ಎಲ್ಲರ ಪಾಲೂ ಇದೆ. ಶಾನುಭೋಗರು, ದೇಶಪಾಂಡೆಗಳು, ಕಾನೂಂಗೋಗಳು ಸೇರಿ ಅವುಗಳನ್ನು ಕನ್ನಡದ ಬಾಯಿಗೆ ಒಗ್ಗಿಸಿದರು. ಆ ಬರಹಗಾರರಲ್ಲಿ ಹೆಚ್ಚಿನವರು ಹಿಂದೂಗಳು. ಶಿರಾ ಸುಬಾ ಎಂಬುದು ನವಾಬನೊಬ್ಬನ ಆಸ್ತಿಯಾಗಿರಲಿಲ್ಲ.

ಇಂದಿನ ಸ್ಥಿತಿಗೆ ಬರೋಣ. ದೇಶದಲ್ಲಿ ಕೇಂದ್ರ ಸರಕಾರದ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳ ಪೈಕಿ 50 ಕಾಣೆಯಾಗಿವೆಯೆಂದು 2022ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಿಳಿಸಲಾಯಿತು. ಹದಿನಾಲ್ಕು ನಗರ ಬೆಳೆದು ನುಂಗಿದವು, ಹನ್ನೆರಡು ಜಲಾಶಯಗಳಲ್ಲಿ ಮುಳುಗಿದವು, ಇಪ್ಪತ್ತನಾಲ್ಕರ ಪತ್ತೆಯೇ ಇಲ್ಲ. ಕಾವಲುಗಾರರಿದ್ದುದು 248 ಕಡೆ ಮಾತ್ರ. 2024ರಲ್ಲಿ ಇಲಾಖೆಯು ಹದಿನೆಂಟು ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡಲು ಮುಂದಾಯಿತು. ಅವುಗಳಲ್ಲಿ ಹರಿಯಾಣದ ಮುಜೇಸರ ಗ್ರಾಮದ ಕೋಸ್ ಮಿನಾರ್ ಒಂದು. ದಾರಿಹೋಕರಿಗೆ ದೂರ ತಿಳಿಸಲೆಂದು ಮೊಗಲರು ಹೆದ್ದಾರಿಯುದ್ದಕ್ಕೂ ಕಟ್ಟಿಸಿದ ಕಂಬಗಳವು. ದಾರಿ ತೋರಿಸುವ ಕಂಬವೇ ದಾರಿ ತಪ್ಪಿ ಕಳೆದುಹೋಯಿತು.

ಇನ್ನು ಕಾನೂನು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಒಂದು ಕಲಮಿನ ಪ್ರಕಾರ, ವಕ್ಫ್ ಎಂದು ಘೋಷಿಸುವಾಗ ಸಂರಕ್ಷಿತ ಸ್ಮಾರಕವಾಗಿದ್ದ ಆಸ್ತಿಯ ಬಗೆಗಿನ ಆ ಘೋಷಣೆ ಅನೂರ್ಜಿತವಾಗುತ್ತದೆ. ಈ ಕಲಮಿನ ಬಗ್ಗೆ ಸಮುದಾಯದಲ್ಲಿ ಆತಂಕವಿದೆ, ಅದು ಅಕಾರಣವೂ ಅಲ್ಲ. ನ್ಯಾಯಾಲಯದ ಹೋರಾಟ ವಕೀಲರಿಗೆ ಬಿಟ್ಟದ್ದು. ಆದರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಜಮಾಅತ್ತುಗಳ ವಶದಲ್ಲೇ ಇರುವ ಹಳೆಯ ಮಸೀದಿಗಳನ್ನು ನಾವು ಹೇಗೆ ನೋಡಿಕೊಂಡಿದ್ದೇವೆ? ನೂರಾರು ವರ್ಷಗಳ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದದ್ದು ಯಾರು? ಪಾರಸಿ ಶಾಸನವಿದ್ದ ಗೋಡೆಗೆ ಟೈಲ್ಸ್ ಹಾಕಿ, ಮುಂಭಾಗಕ್ಕೆ ಕಾಂಕ್ರೀಟಿನ ಮಿನಾರ್ ಏರಿಸಿ, ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಿದ್ದು ಯಾರು? ದಾನಿಗಳ ಪಟ್ಟಿ ಉಳಿಯಿತು, ಕಟ್ಟಿದವನ ಹೆಸರು ಟೈಲ್ಸಿನ ಹಿಂದೆ ಸೇರಿತು. ಇದನ್ನು ಯಾವ ಸರಕಾರವೂ ನಮ್ಮಿಂದ ಬಲವಂತವಾಗಿ ಮಾಡಿಸಲಿಲ್ಲ. ಹಳೆಯ ದಾಖಲೆಯನ್ನು ಓದಬಲ್ಲವರು ಇಲ್ಲದ ಸಮುದಾಯ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಮಂಡಿಸುವುದಾದರೂ ಹೇಗೆ? ಪುರಾತತ್ವ ಇಲಾಖೆಗೆ ಅರಬಿ ಮತ್ತು ಪಾರಸಿ ಶಾಸನಗಳಿಗಾಗಿಯೇ ನಾಗಪುರದಲ್ಲಿ ಒಂದು ಶಾಖೆಯಿದೆ. ನಮ್ಮ ಮಕ್ಕಳಲ್ಲಿ ಇಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ. ಶಾಸನ ಓದುವ ವಿದ್ಯೆಗೆ ಒಬ್ಬ ಹುಡುಗಿ, ಒಬ್ಬ ಹುಡುಗ ಈ ಜಿಲ್ಲೆಯಿಂದ ಹೋದರೆ ಸಾಕು ಎಂದು ನಾನು ಬೇಡುತ್ತೇನೆ. ಮದ್ರಸಗಳಲ್ಲಿ ಪಾರಸಿ ಕಲಿತ ಹಿರಿಯ ಉಲಮಾಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಜ್ಞಾನವನ್ನು ಮದುವೆಯ ಖುತ್ಬಾಕ್ಕೆ ಮಾತ್ರ ಮೀಸಲಿಟ್ಟದ್ದು ನಮ್ಮದೇ ದಾರಿದ್ರ್ಯ.

ತುಮಕೂರು ಜಿಲ್ಲೆಯ ಶಾಸನಗಳಿಗಾಗಿಯೇ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಿದೆ. ಅದನ್ನು ಬಿ. ಎಲ್. ರೈಸ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ರಕಟಿಸಿದ. ನಮ್ಮ ಮಸೀದಿ ಸಮಿತಿಗಳ ಗ್ರಂಥಾಲಯಗಳಲ್ಲಿ ಅದರ ಒಂದು ಪ್ರತಿ ಇರಲಿ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಮನರಂಜನಾ ಉದ್ಯಾನಗಳಿಗೆ ಒಯ್ಯುವ ನಮ್ಮ ಶಿಕ್ಷಣ ಸಂಸ್ಥೆಗಳು ಒಂದು ವರ್ಷ ಶಿರಾ, ಬೂದಿಕೋಟೆ, ಕೋಲಾರದ ದಾರಿ ಹಿಡಿಯಲಿ. ಎಲ್ಲ ಧರ್ಮದ ಮಕ್ಕಳನ್ನೂ ಕರೆದೊಯ್ಯಲಿ. ರಂಗಪ್ಪ ನಾಯಕನ ಕೋಟೆ ಮತ್ತು ಮಲಿಕ್ ರಿಹಾನನ ಸಮಾಧಿ ಒಂದೇ ಊರಿನಲ್ಲಿರುವುದರಿಂದ ಬಸ್ಸಿನ ಖರ್ಚೂ ಒಂದೇ.

ಫಲಕದ ವಿಷಯಕ್ಕೆ ಮರಳುತ್ತೇನೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ನಾವೇ ಫಲಕ ನೆಡುವಂತಿಲ್ಲ, ನೆಡಲೂಬಾರದು. ಇಲಾಖೆಗೆ ಮನವಿ ಸಲ್ಲಿಸಬಹುದು. ಹೆದ್ದಾರಿ ಬದಿಯಲ್ಲಿ ಮಾಹಿತಿ ಫಲಕಕ್ಕಾಗಿ ನಗರಸಭೆಯನ್ನೂ ಪ್ರವಾಸೋದ್ಯಮ ಇಲಾಖೆಯನ್ನೂ ಕೇಳಬಹುದು. ಏನು ಬರೆಯಬೇಕೆಂದು ಅವರು ಕೇಳಿದರೆ ಕೊಡಲು ಒಂದು ಕರಡನ್ನು ತಂದಿದ್ದೇನೆ. ಓದುತ್ತೇನೆ, ಕೇಳಿ:

“ಶಿರಾ. ರತ್ನಗಿರಿಯ ರಂಗಪ್ಪ ನಾಯಕ ಈ ಊರಿಗೂ ಕೋಟೆಗೂ ಅಡಿಪಾಯ ಹಾಕಿದನು. 1638ರ ಹೊತ್ತಿಗೆ ಇದು ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. ಅವರ ಅಧಿಕಾರಿ ಮಲಿಕ್ ರಿಹಾನನ ಸಮಾಧಿ 1651ರದ್ದು. 1687ರಿಂದ 1757ರವರೆಗೆ ಇದು ಏಳು ಪರಗಣಗಳಿದ್ದ ಮೊಗಲ್ ಪ್ರಾಂತದ ರಾಜಧಾನಿಯಾಗಿತ್ತು. ಜಾಮಿಯಾ ಮಸೀದಿ 1696ರದ್ದು. ದಿಲಾವರ್ ಖಾನನ ಕಾಲದಲ್ಲಿ ಇಲ್ಲಿ ಅರಮನೆ, ಉದ್ಯಾನ ಮತ್ತು ಬಟ್ಟೆಯ ಉದ್ಯಮವಿದ್ದವು. ಹೈದರ್ ಅಲಿಯ ತಂದೆ ಈ ಪ್ರಾಂತದ ಸೇವೆಯಲ್ಲಿದ್ದರು. 1761ರಲ್ಲಿ ಹೈದರ್ ಶಿರಾದ ನವಾಬ ಎಂಬ ಪದವಿಯನ್ನು ಪಡೆದರು. ಟಿಪ್ಪು ಸುಲ್ತಾನರ ಕಾಲದಲ್ಲಿ ಇಲ್ಲಿಂದ ಸಾವಿರಾರು ಕುಟುಂಬಗಳನ್ನು ಬಲವಂತವಾಗಿ ಶ್ರೀರಂಗಪಟ್ಟಣದ ಗಂಜಾಮಿಗೆ ಸ್ಥಳಾಂತರಿಸಲಾಯಿತು.”

ಕೊನೆಯ ಸಾಲನ್ನು ತೆಗೆಯಬೇಕೆಂದು ನಮ್ಮವರೇ ಕೆಲವರು ಹೇಳುತ್ತಾರೆ. ಆರನೆಯ ಮತ್ತು ಏಳನೆಯ ಸಾಲುಗಳನ್ನು ತೆಗೆಯಬೇಕೆಂದು ಬೇರೆ ಕೆಲವರು ಹೇಳುತ್ತಾರೆ. ಎರಡೂ ಕಡೆಯವರಿಗೆ ಕೊಡುವ ಉತ್ತರ ಒಂದೇ, ಎಲ್ಲ ಸಾಲುಗಳೂ ಇರಲಿ. ಭಾಷೆಯನ್ನು ಕನ್ನಡ ಮೇಷ್ಟ್ರೊಬ್ಬರು ತಿದ್ದಿಕೊಟ್ಟರೆ ಉಪಕಾರ. ಉರ್ದು ಅನುವಾದವನ್ನು ಹಿಂದಿನ ಸಾಲಿನಲ್ಲಿ ಕುಳಿತಿರುವ ಪದವಿ ತರಗತಿಯ ವಿದ್ಯಾರ್ಥಿನಿಯರು ಮಾಡಿಕೊಡಲಿ. ಮನವಿಯ ಪ್ರತಿ ಹೊರಗೆ ಮೇಜಿನ ಮೇಲಿದೆ, ಊಟಕ್ಕೆ ಹೋಗುವ ಮುನ್ನ ಓದಿ ರುಜು ಹಾಕಿ.